ತೊಂಬತ್ತೊಂದನ್ನು ಅವಿಭಾಜ್ಯ ಎಂದವರು

ದೇಶದ ರಾಜಧಾನಿಯ ಲಕ್ಷ್ಮೀ ನಗರಕ್ಕೆ ಇನ್ನೂ ಮೆಟ್ರೊ ಬಂದಿರಲಿಲ್ಲ. ಎಂ.ಎಸ್ಸಿ. ಓದುತ್ತಲೇ ಅಲ್ಲಿ ಟೀಚರ್ ಪರೀಕ್ಷೆಗೆ ತಯಾರು ಮಾಡುವ ಒಂದು ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಪ್ರತಿ ಹೊಸ ಬ್ಯಾಚಿಗೂ ಮೊದಲ ದಿನ ನನ್ನದು ಒಂದೇ ಪ್ರಶ್ನೆ: ತೊಂಬತ್ತೊಂದು ಅವಿಭಾಜ್ಯ ಸಂಖ್ಯೆಯೋ, ಅಲ್ಲವೋ? ಎರಡು, ಮೂರು, ಐದರಿಂದ ಅದು ಭಾಗವಾಗುವುದಿಲ್ಲ. ಏಳರ ಮಗ್ಗಿಯನ್ನು ಹತ್ತಕ್ಕೇ ನಿಲ್ಲಿಸಿದವರಿಗೆ ಏಳು ಹದಿಮೂರಲೆ ತೊಂಬತ್ತೊಂದು ಎಂದು ಹೊಳೆಯುವುದಿಲ್ಲ. ಯಾರಾದರೊಬ್ಬರು ಈ ಬಲೆಗೆ ಬಿದ್ದೇ ಬೀಳುತ್ತಿದ್ದರು. ಅದಕ್ಕಾಗಿಯೇ ಕೇಳುತ್ತಿದ್ದೆ.

ಆ ವರ್ಷ ಬಿದ್ದವರು ಕೊಡಗಿನ ಒಬ್ಬ ಹೆಂಗಸು. ಸೇನೆಯಲ್ಲಿದ್ದ ಗಂಡ ತೀರಿಕೊಂಡಿದ್ದರು. ಪ್ರೈಮರಿ ಶಾಲೆಯ ಟೀಚರ್ ಆಗಬೇಕೆಂದು, ನಲವತ್ತರ ಹತ್ತಿರ ಬಂದ ವಯಸ್ಸಿನಲ್ಲಿ, ಇಪ್ಪತ್ತರ ಹುಡುಗಿಯರ ನಡುವೆ ಮುಂದಿನ ಬೆಂಚಿನಲ್ಲಿ ಕೂತಿದ್ದರು. ಎದ್ದು ನಿಂತು, "ಪ್ರೈಮ್ ಹೈ, ಮೇಡಂ" ಎಂದರು.

ಕ್ಲಾಸು ನಕ್ಕಿತು. ಅವರು ತಗ್ಗಿದ ದನಿಯಲ್ಲಿ, ನನಗೊಬ್ಬಳಿಗೇ ಅರ್ಥವಾಗಲೆಂದು, "ಎಲ್ಲಿ ತಪ್ಪಾಯ್ತು ಮೇಡಂ?" ಎಂದು ಕನ್ನಡದಲ್ಲಿ ಕೇಳಿದರು.

ನಾನು ಹಿಂದಿಯಲ್ಲಿ, ಕೊನೆಯ ಬೆಂಚಿಗೂ ಕೇಳುವಂತೆ ಉತ್ತರಿಸಿದೆ. ಏಳರ ಮಗ್ಗಿಯೇ ಬಾರದವರು ಮಕ್ಕಳಿಗೆ ಏನು ಕಲಿಸುತ್ತೀರಿ ಎಂದೆ.

ಅಂದಿನಿಂದ ಹುಡುಗಿಯರ ಬಾಯಲ್ಲಿ ಅವರು 'ಇಕ್ಯಾನವೇ ಆಂಟಿ', ತೊಂಬತ್ತೊಂದರ ಆಂಟಿ. ನಾನು ತಡೆಯಲಿಲ್ಲ. ಒಮ್ಮೆ ಹಾಜರಿ ಕೂಗುವಾಗ ನಾನೇ ಹಾಗೆ ಕರೆದೆ.

ಹತ್ತು ದಿನದ ಮೇಲೆ ಅವರು ಕ್ಲಾಸಿಗೆ ಮುಂಚೆ ನನ್ನ ಮೇಜಿನ ಬಳಿ ಬಂದು ನೋಟ್‌ಬುಕ್ ಚಾಚಿದರು.

"ನಮ್ಮ ಗಲ್ಲಿಯ ಹಣ್ಣಿನ ಭಯ್ಯಾ ಕಿತ್ತಳೆ ಜೋಡಿಸ್ತಾ ಇದ್ದ ಮೇಡಂ. ತುದೀಲಿ ಒಂದು, ಕೆಳಗೆ ನಾಲ್ಕು, ಆಮೇಲೆ ಒಂಬತ್ತು, ಹದಿನಾರು. ಹೀಗೆ ಆರು ಅಂತಸ್ತಾದ್ರೆ ಒಟ್ಟು ತೊಂಬತ್ತೊಂದೇ. ಒಂದರಿಂದ ಹದಿಮೂರರ ತನಕ ಕೂಡಿದ್ರೂ ಅಷ್ಟೇ. ಮೂರರ ಘನಕ್ಕೆ ನಾಲ್ಕರ ಘನ ಸೇರಿಸಿದ್ರೂ ಅಷ್ಟೇ."

ಇದರಲ್ಲಿ ಎರಡು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದೇ ನನ್ನನ್ನು ಕೆರಳಿಸಿತು.

"ಇದನ್ನೆಲ್ಲ ಯಾರೋ ಯಾವತ್ತೋ ಕಂಡುಹಿಡಿದಾಗಿದೆ" ಎಂದೆ. "ಪರೀಕ್ಷೆಗೆ ಬರಲ್ಲ. ಕಿತ್ತಳೆ ಎಣಿಸೋ ಬದಲು ಮಗ್ಗಿ ಓದಿ."

ಅಷ್ಟಕ್ಕೇ ಬಿಡಲಿಲ್ಲ. ಹುಡುಗಿಯರು ಬಂದು ಕೂತ ಮೇಲೆ ಆ ಪುಟವನ್ನು ಹಿಂದಿಯಲ್ಲಿ ರಾಗವಾಗಿ ಓದಿದೆ. ನಗು ನಿಲ್ಲುವವರೆಗೂ ಅವರು ನೋಟ್‌ಬುಕ್ಕಿಗಾಗಿ ಕೈಚಾಚಿ ನಿಂತಿದ್ದರು. ಕೊಟ್ಟ ಮೇಲೆ ಇಡೀ ಗಂಟೆ ಕೂತು ಪಾಠ ಬರೆದುಕೊಂಡರು. ಮರುದಿನ ಬರಲಿಲ್ಲ. ಮತ್ತೆಂದೂ ಬರಲಿಲ್ಲ.

ಮುಂದಿನ ಬ್ಯಾಚಿಗೆ ನಾನು ಬೋರ್ಡಿನ ಮೇಲೆ ಕಿತ್ತಳೆಯ ರಾಶಿ ಬರೆದು ಆರು ವರ್ಗಗಳನ್ನು ಕೂಡಿಸಿ ತೋರಿಸಿದೆ. ನನಗೇ ಹೊಳೆದದ್ದೆಂಬಂತೆ. ಹುಡುಗಿಯರು ಚಪ್ಪಾಳೆ ತಟ್ಟಿದರು. ಸೆಂಟರಿನ ಮಾಲೀಕರು ನನಗೆ ಇನ್ನೊಂದು ಬ್ಯಾಚ್ ಕೊಟ್ಟರು.

ಎರಡು ವರ್ಷದ ನಂತರ ಅದೇ ಊರಿನ ಇನ್ನೊಂದು ತುದಿಯ ದ್ವಾರಕಾದಲ್ಲಿ, ಚಿಕ್ಕಮ್ಮನ ಹೊಸ ಫ್ಲ್ಯಾಟು ಹುಡುಕುತ್ತ ಹೋದಾಗ, ಸೊಸೈಟಿಯ ಗೇಟಿನಲ್ಲಿ ಅವರು ಸಿಕ್ಕರು. ಅಲ್ಲಿನ ಶಿಶುವಿಹಾರದಲ್ಲಿ ಆಯಾ ಆಗಿದ್ದರು. ಅವರೇ ಮೊದಲು ಗುರುತು ಹಿಡಿದರು.

"ಚೆನ್ನಾಗಿದ್ದೀರಾ ಮೇಡಂ?"

"ಪರೀಕ್ಷೆ ಏನಾಯ್ತು?"

"ಬರೀಲಿಲ್ಲ."

"ಈಗಲೂ ಬರೀಬಹುದು. ಮನೆಗೆ ಬನ್ನಿ, ನಾನೇ ಹೇಳಿಕೊಡ್ತೀನಿ."

"ಬೇಡ ಮೇಡಂ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನನಗೆ ಲೆಕ್ಕ ಬರುತ್ತೆ. ನಿಮ್ಮ ಮುಂದೆ ನಿಂತಾಗ ಬರಲ್ಲ, ಅಷ್ಟೆ."

ಒಂದು ಮಗು ಅವರ ದುಪಟ್ಟಾ ಎಳೆಯಿತು. ಅವರು ಬಗ್ಗಿ ಅದರ ಶೂ ಲೇಸು ಕಟ್ಟತೊಡಗಿದರು. ಕ್ಷಮಿಸಿ ಎನ್ನಬೇಕಿತ್ತು. ಬಿ ಬ್ಲಾಕ್ ಯಾವ ಕಡೆ ಎಂದು ಕೇಳಿದೆ. ತಲೆಯೆತ್ತದೆ ಕೈ ತೋರಿಸಿದರು.