ಅಕ್ಕೋರಿಗೆ ಸಿಗದ ವೀಸಾ

ಅಕ್ಕೋರು ಕಪ್ಪು ಹಲಗೆಯ ಮೇಲೆ ಭೂಮಿಯ ಚಿತ್ರ ಬರೆಯುವಾಗ ಮೊಳಕೈ ಮಡಚುತ್ತಿರಲಿಲ್ಲ. ಬಲಗೈಯನ್ನು ಕೋಲಿನಂತೆ ನೆಟ್ಟಗೆ ಚಾಚಿ, ಭುಜದಿಂದಲೇ ತಿರುಗಿಸಿ, ಒಂದೇ ಎಳೆತಕ್ಕೆ ಹಲಗೆ ತುಂಬುವಷ್ಟು ದೊಡ್ಡ ವೃತ್ತ ಹಾಕುತ್ತಿದ್ದರು. ಸೀಮೆಸುಣ್ಣ ಹೊರಟ ಜಾಗಕ್ಕೇ ಬಂದು ಮುಟ್ಟುವಾಗ ಮಣಿಕಟ್ಟಿನ ಎರಡು ಬಂಗಾರದ ಪಾಟ್ಲಿಗಳು ಒಂದಕ್ಕೊಂದು ತಾಗಿ ಸದ್ದಾಗುತ್ತಿತ್ತು. ಆ ಸದ್ದು ಕೇಳಿದ ಮೇಲೆ ನಾವು ವಹಿ ತೆರೆಯಬೇಕು. ಕುರ್ಲಾದ ಮುನಸಿಪಾಲ್ಟಿ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಅವರು ಭೂಗೋಳ ಕಲಿಸಿದರು. ವಿಜಯಪುರದ ಕಡೆಯವರಾದ ನಾವು ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎನ್ನುತ್ತೇವೆ. ಮುಂಬಯಿಗೆ ಬಂದು ಮೂರು ತಲೆಮಾರಾದರೂ ನಮ್ಮ ಬಾಯಿ ಬದಲಾಗಿಲ್ಲ.

ತೀರಿಕೊಂಡವರ ಬಗ್ಗೆ ಸಮಾಧಾನದಿಂದ ಬರೆಯಬೇಕು ಎನ್ನುತ್ತಾರೆ. ನನಗೆ ಸಮಾಧಾನವಿಲ್ಲ. ಅಕ್ಕೋರನ್ನು ನೆನೆದಾಗಲೆಲ್ಲ ಮೊದಲು ಬರುವುದು ಸಿಟ್ಟು. ಒಂದು ಕಚೇರಿಯ ಮೇಲೆ ಸಿಟ್ಟು, ಒಂದು ದೇಶದ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ. ಆ ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಭೂಪಟದಲ್ಲಿ ಮೇಲ್ತುದಿಗೆ, ಮಂಜಿನ ಹತ್ತಿರ ಇದೆ ಎಂದರೆ ಸಾಕು.

ಅವರ ಪಾಠ ಅರ್ಧ ಶಾಲೆಯೊಳಗೆ, ಅರ್ಧ ಹೊರಗೆ. ಅಂಗಳದಲ್ಲಿ ಕಬ್ಬಿಣದ ಸಲಾಕೆ ನೆಟ್ಟು ತಾಸಿಗೊಮ್ಮೆ ನೆರಳಿನ ತುದಿಗೆ ಗುರುತು ಹಾಕಿಸುತ್ತಿದ್ದರು. ನಮ್ಮ ಚಾಳಿನ ಗಲ್ಲಿಗೆ ಬಿಸಿಲು ಬೀಳುವುದು ದಿನಕ್ಕೆ ಅರ್ಧ ತಾಸು. ಅದು ಯಾವ ಖೋಲಿಯ ಹೊಸ್ತಿಲಿಂದ ಯಾವ ಖೋಲಿಯ ಹೊಸ್ತಿಲಿಗೆ ಸರಿಯಿತು ಎಂದು ವಾರಕ್ಕೊಮ್ಮೆ ನೋಡಿ ಬರೆದುಕೊಂಡು ಬರಬೇಕು. ಒಮ್ಮೆ ನಾನು ಪಕ್ಕದವನ ಹಳೆಯ ವಹಿ ನೋಡಿ ನಕಲು ಮಾಡಿದೆ. ಅಕ್ಕೋರು ಓದಿ, ವಹಿಯನ್ನು ಮೆಲ್ಲಗೆ ಮುಚ್ಚಿ ಕೇಳಿದರು:

"ನಿನ್ನೆ ದಿನಾ ಪೂರಾ ಮೋಡ ಇತ್ತಲ್ಲೋ. ಯಾರ ಮನಿ ಬಿಸಿಲು ಬರಕೊಂಡು ಬಂದಿ?"

ಇಡೀ ವರ್ಗ ನಕ್ಕಿತು. ಅವರು ನಗಲಿಲ್ಲ. ಮರುದಿನ ನನ್ನನ್ನು ಸಲಾಕೆಯ ಪಕ್ಕದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂರಿಸಿದರು.

ಏಳನೇ ಇಯತ್ತೆಯಲ್ಲಿ ಉತ್ತರ ಧ್ರುವದ ಪಾಠ ಬಂತು. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ, ನಡುರಾತ್ರಿಯಲ್ಲೂ ಕಾಣುತ್ತಾನೆ ಎಂದರು. ನಾನು ಎದ್ದು ನಿಂತು, "ಅಕ್ಕೋರ, ನೀವು ನೋಡೀರೇನ್ರಿ?" ಎಂದೆ. ಸಲಾಕೆಯ ಸೇಡು ಇನ್ನೂ ಇತ್ತು.

ಅವರು ಸೀಮೆಸುಣ್ಣ ಕೆಳಗಿಟ್ಟರು. "ಇಲ್ಲೋ. ನಾ ನೋಡಿಲ್ಲ. ಪುಸ್ತಕದಾಗ ಬರದದ ಅಂತ ಹೇಳಾಕತ್ತೀನಿ. ಅದು ನನಗೂ ಚುಚ್ಚತದ."

ಆಮೇಲೆ ಪ್ರತಿವರ್ಷ ಆ ಪಾಠ ಬಂದಾಗ "ಇದನ್ನ ನಾ ಕಣ್ಣಾರೆ ನೋಡಿಲ್ಲ" ಎಂದು ಮೊದಲೇ ಹೇಳಿ ಶುರು ಮಾಡುತ್ತಿದ್ದರಂತೆ. ನನ್ನ ತಂಗಿ ಹೇಳಿದಳು. ಅವಳ ಬ್ಯಾಚಿಗೂ ಅದೇ.

ಅಕ್ಕೋರು ಮದುವೆಯಾಗಲಿಲ್ಲ. ನಮ್ಮ ಚಾಳಿನಲ್ಲೇ ಅವರಿದ್ದ ಖೋಲಿ ತೀರಿಹೋದ ಅಣ್ಣನ ಹೆಸರಿನಲ್ಲಿತ್ತು. ಹಿಂದೊಮ್ಮೆ ಒಂದು ಸಹಕಾರಿ ಬ್ಯಾಂಕು ಮುಳುಗಿ ಅವರ ಉಳಿತಾಯವೂ ಮುಳುಗಿದ್ದರಿಂದ ಬ್ಯಾಂಕೆಂದರೆ ಅವರಿಗೆ ನಂಬಿಕೆಯಿರಲಿಲ್ಲ. ಪಿಂಚಣಿ ಬಂದ ಮರುದಿನವೇ ಪೂರ್ತಿ ತೆಗೆದು ತಂದು ಸ್ಟೀಲಿನ ಡಬ್ಬಿಗಳಲ್ಲಿ ಇಡುತ್ತಿದ್ದರು. ಹಾಲಿಗೊಂದು ಡಬ್ಬಿ, ಗ್ಯಾಸಿಗೊಂದು, ಯಾರದೋ ಮಗಳ ಫೀಗೊಂದು. ಹೀಗಾಗಿ ಅವರಿಗೆ ಯಾವತ್ತೂ ಕೊರತೆಯಾಗಲಿಲ್ಲ, ಆದರೆ ಪಾಸ್‌ಬುಕ್ ನೋಡಿದವರಿಗೆ ಅವರು ತೀರ ಬಡವರು.

ಅರವತ್ತೆಂಟರಲ್ಲಿ ಕಣ್ಣು ಕೈಕೊಡತೊಡಗಿತು. ಗ್ಲಾಕೋಮಾ ಎಂದರು ಡಾಕ್ಟರು. ಹೋದ ದೃಷ್ಟಿ ಮರಳುವುದಿಲ್ಲ, ಇದ್ದದ್ದು ಎಷ್ಟು ದಿನವೋ ಹೇಳಲಾಗದು ಎಂದರು. ಅಕ್ಕೋರು ಅಳಲಿಲ್ಲ. ಪಾಸ್‌ಪೋರ್ಟ್ ಮಾಡಿಸಿದರು. ಪಾಟ್ಲಿ ಮಾರಿದರು. ಮುಲುಂಡಿನ ನನ್ನ ಮನೆಗೆ ಬಂದು, ಬರಿಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕುಳಿತು, "ನಡುರಾತ್ರಿ ಸೂರ್ಯನ್ನ ನೋಡಾಕ ಜೂನದಾಗ ಹೋಗಬೇಕೋ. ಮುಂದಿನ ಜೂನಕ್ಕ ಕಣ್ಣು ಇರ್ತಾವೋ ಇಲ್ಲೋ. ಕಾಗದಪತ್ರ ನೀ ನೋಡು" ಎಂದರು.

ನಾನು ಕಾಂದಿವಲಿಯ ಕಾರ್ಖಾನೆಯೊಂದರಲ್ಲಿ ಅಕೌಂಟೆಂಟ್. ಲೆಕ್ಕಪತ್ರದ ವಿಷಯದಲ್ಲಿ ನನಗೆ ತಿಳಿಯದ್ದಿಲ್ಲ ಎಂಬ ಕೊಬ್ಬು ಇತ್ತು. ಗುಂಪಿನಲ್ಲಿ ಕರೆದೊಯ್ಯುವ ಟೂರ್ ಏಜೆಂಟರ ಬಳಿ ಹೋದೆ. ಮಂಗಳೂರು ಕಡೆಯವರು, ನಗುಮೊಗದವರು. ಪಾಟ್ಲಿಯ ಹಣ ಪೂರ್ತಿ ಅವರಿಗೆ ಕಟ್ಟಿದ್ದಾಯಿತು. ಪಾಸ್‌ಬುಕ್ ನೋಡಿದವರೇ ಹುಬ್ಬೇರಿಸಿದರು.

"ಇದು ಆಗ್ಲಿಕ್ಕಿಲ್ಲ ಮಾರಾಯ್ರೆ. ಟೂರಿಗೆ ಕಟ್ಟಿದ್ದು ಬೇರೆ. ಅಲ್ಲಿ ಇರುವಷ್ಟು ದಿನ ಖರ್ಚಿಗೆ ಇವರ ಹತ್ರ ದುಡ್ಡುಂಟು ಅಂತ ಖಾತೆಯಲ್ಲಿ ಕಾಣ್ಬೇಕು. ಕಡಿಮೆ ಅಂದ್ರೂ ಮೂರ್ನಾಲ್ಕು ಲಕ್ಷ."

ನಾನು ಆ ಸಂಜೆಯೇ ಹಳೆಯ ವಿದ್ಯಾರ್ಥಿಗಳ ವಾಟ್ಸ್ಯಾಪ್ ಗುಂಪಿನಲ್ಲಿ ವಿಷಯ ಹಾಕಿದೆ. ಅಕ್ಕೋರಿಗೆ ಹೇಳಬೇಡಿ, ಹೇಳಿದರೆ ಬೇಡವೆನ್ನುತ್ತಾರೆ ಎಂದೂ ಬರೆದೆ. ರಿಕ್ಷಾ ಓಡಿಸುವವರು, ಖಾನಾವಳಿ ನಡೆಸುವವರು, ಆಸ್ಪತ್ರೆಯಲ್ಲಿ ನರ್ಸ್ ಆಗಿರುವವರು, ಒಬ್ಬರೂ ಹಿಂದೆಮುಂದೆ ನೋಡಲಿಲ್ಲ. ಅಕ್ಕೋರ ಮದುವೆಯಂತೂ ಉಣ್ಣಲಿಲ್ಲ, ಇದೇ ನಮ್ಮ ಆಯೇರಿ ಎಂದರು. ಆಯೇರಿ ಎಂದರೆ ನಮ್ಮಲ್ಲಿ ಮದುವೆಮನೆಯಲ್ಲಿ ಕೊಡುವ ಉಡುಗೊರೆ. ಅದನ್ನು ಯಾರೂ ಸೊನ್ನೆಗೆ ನಿಲ್ಲಿಸುವುದಿಲ್ಲ. ಮೇಲೊಂದು ರೂಪಾಯಿ ಬೇಕೇ ಬೇಕು. ಒಂದೇ ವಾರದಲ್ಲಿ ಅಕ್ಕೋರ ಖಾತೆಗೆ ನಲವತ್ತಕ್ಕೂ ಹೆಚ್ಚು ಕಡೆಯಿಂದ ಹಣ ಬಂದು ಬಿತ್ತು. ಐದು ಸಾವಿರದ ಒಂದು. ಹನ್ನೊಂದು ಸಾವಿರದ ಒಂದು. ಇಪ್ಪತ್ತೊಂದು ಸಾವಿರದ ಒಂದು. ಸ್ಟೇಟ್‌ಮೆಂಟ್ ತೆಗೆಸಿದಾಗ ಪುಟದ ಉದ್ದಕ್ಕೂ ಒಂದು, ಒಂದು, ಒಂದು. ನನಗೆ ಕಣ್ಣು ತುಂಬಿ ಬಂತು. ಅದನ್ನು ಓದುವ ಪರದೇಶದ ಅಧಿಕಾರಿಗೆ ಏನನ್ನಿಸೀತು ಎಂಬುದು ಈ ಅಕೌಂಟೆಂಟನ ತಲೆಗೆ ಹೊಳೆಯಲಿಲ್ಲ.

ಅಕ್ಕೋರಿಗೆ ಆಗಲೇ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಪ್ರತಿ ಪುಟದ ಕೆಳಗೆ ನಾನು ಬೆರಳಿಟ್ಟಲ್ಲಿ ಸಹಿ ಮಾಡಿದರು. "ಎಲ್ಲಾ ಬರೋಬ್ಬರಿ ಅದ ಹೌದಿಲ್ಲೋ?" ಎಂದು ಒಂದೇ ಸಲ ಕೇಳಿದರು. "ಬರೋಬ್ಬರಿ ಅದ್ರಿ" ಎಂದೆ.

ಹದಿನೈದು ದಿನಕ್ಕೆ ಕಾನ್ಸುಲೇಟಿನಿಂದ ಅವರಿಗೆ ಫೋನ್ ಬಂತು. ಹಿಂದಿಯಲ್ಲಿ ಮಾತಾಡಿದ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಕೇಳಿದಳಂತೆ: ನಿಮ್ಮ ಖಾತೆಗೆ ಒಂದೇ ವಾರದಲ್ಲಿ ಇಷ್ಟು ಜನ ಹಣ ಹಾಕಿದ್ದಾರಲ್ಲ, ಇವರೆಲ್ಲ ಯಾರು? ಏತಕ್ಕೆ ಹಾಕಿದರು? ಜೀವನದಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದವರಲ್ಲ ನಮ್ಮ ಅಕ್ಕೋರು. "ನನಗೆ ಗೊತ್ತಿಲ್ಲ" ಎಂದರು.

ಅಲ್ಲಿಗೆ ಕಥೆ ಮುಗಿಯಿತು. ಪಾಸ್‌ಪೋರ್ಟಿನ ಜೊತೆ ಬಂದ ಕಾಗದದಲ್ಲಿ ಎರಡು ಕಡೆ ಗುರುತು ಹಾಕಿದ್ದರು. ಈ ಹಣ ನಿಮ್ಮದೇ ಎಂಬುದಕ್ಕೆ ಪುರಾವೆ ಸಾಲದು. ವೀಸಾ ಮುಗಿಯುವ ಮುಂಚೆ ನೀವು ಮರಳಿ ಹೋಗುವಿರೆಂಬ ಭರವಸೆ ನಮಗಿಲ್ಲ.

ಮರಳಿ ಹೋಗುವ ಭರವಸೆಯಿಲ್ಲವಂತೆ! ಮಹಾಮಳೆಗೆ ಲೋಕಲ್ ನಿಂತ ದಿನ ಸೊಂಟಮಟ್ಟದ ನೀರಿನಲ್ಲಿ ನಡೆದು ಶಾಲೆಗೆ ಬಂದ ಹೆಂಗಸು. ಆ ಮಂಜಿನ ದೇಶದಲ್ಲಿ ಕದ್ದು ಉಳಿದು ಇವರೇನು ಮಾಡುತ್ತಿದ್ದರು, ಪಾತ್ರೆ ತಿಕ್ಕುತ್ತಿದ್ದರೇ? ಗಂಡನಿಲ್ಲ, ಮಕ್ಕಳಿಲ್ಲ, ಸ್ವಂತ ಹೆಸರಿನ ಮನೆಯಿಲ್ಲ, ಆದ್ದರಿಂದ ನೀನು ವಾಪಸಾಗಲು ಕಾರಣವೇ ಇಲ್ಲ ಎನ್ನುವ ಲೆಕ್ಕ ಯಾವ ಶಾಲೆಯಲ್ಲಿ ಕಲಿಸುತ್ತಾರೋ ನನಗೆ ತಿಳಿಯದು. ಅದೇ ತಿಂಗಳು ನಮ್ಮ ಕುರ್ಲಾದ ಗಲ್ಲಿಗೆ ಬಿಳಿ ಜನರ ಗುಂಪೊಂದು ಗೈಡ್ ಜೊತೆ ಬಂದು, ಸಾರ್ವಜನಿಕ ನಲ್ಲಿಯ ಮುಂದಿನ ಕೊಡಗಳ ಸಾಲಿನ ಫೋಟೊ ತೆಗೆದುಕೊಂಡು ಹೋಯಿತು. ಅವರ ಪಾಸ್‌ಬುಕ್ಕಿನ ಪುಟ ಪುಟಕ್ಕೂ ಸಹಿ ಹಾಕಿಸಿಕೊಂಡವರು ಯಾರು? ನಾನು ಬೈಯುತ್ತ ನಿಂತಿದ್ದೆ. ಅಕ್ಕೋರು ಅವರಿಗೆ ಚಹಾ ಕೊಟ್ಟು ಕಳಿಸಿದರು.

"ಅವರಿಗ್ಯಾಕ ಬೈತಿ? ಕಾನೂನು ಅವರು ಮಾಡ್ಯಾರೇನು?" ಎಂದು ನನ್ನತ್ತ ತಿರುಗಿದರು. ಬದಿಯ ನೋಟ ಹೋಗಿದ್ದರಿಂದ ಮೈಯನ್ನೇ ತಿರುಗಿಸಿ ನೋಡಬೇಕಾಗಿತ್ತು. "ನೀ ಹೇಳು. ರೊಕ್ಕ ಹಾಕಿಸಿದ್ದು ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಬ್ಯಾಡ ಅಂತಿದ್ರಿ, ಅಕ್ಕೋರ."

"ಅಂತಿದ್ದೆ. ಅದಕ್ಕ ಹೇಳಬೇಕಿತ್ತು."

ಅಷ್ಟೇ. ಅದಕ್ಕಿಂತ ಹೆಚ್ಚು ಬೈದಿದ್ದರೆ ನನಗೆ ಬದುಕಲು ಸುಲಭವಾಗುತ್ತಿತ್ತು. ಅಷ್ಟೂ ಜನರ ಹೆಸರು, ಯಾಕೆ ಕೊಟ್ಟರು ಎಂಬ ನಾಲ್ಕು ಸಾಲು ಬರೆದು ಒಂದು ಪತ್ರ ಲಗತ್ತಿಸಿದ್ದರೂ ನಡೆಯುತ್ತಿತ್ತಂತೆ. ಏಜೆಂಟರು ಆಮೇಲೆ ಹೇಳಿದರು. ಮೊದಲೇ ಯಾಕೆ ಹೇಳಲಿಲ್ಲ ಎಂದದ್ದಕ್ಕೆ, "ನೀವು ಅಕೌಂಟೆಂಟ್ ಅಲ್ವಾ ಮಾರಾಯ್ರೆ, ಗೊತ್ತುಂಟು ಅಂತ ಎಣಿಸಿದೆ" ಎಂದರು. ಕಟ್ಟಿದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಯಾನ್ಸಲೇಶನ್ ಎಂದು ಕಡಿದುಕೊಂಡರು. ಪಾಟ್ಲಿಯೂ ಹೋಯಿತು, ಜೂನೂ ಹೋಯಿತು.

ಅಕ್ಕೋರು ಎಲ್ಲರ ಹಣವನ್ನೂ ಹಿಂದಿರುಗಿಸಿದರು. ಆಯೇರಿ ಹಿಂದಕ್ಕೆ ಕೊಡುವುದು ನಮ್ಮಲ್ಲಿ ಅವಮಾನ. ರಿಕ್ಷಾ ಓಡಿಸುವವನೊಬ್ಬ ಅವರ ಬಾಗಿಲಲ್ಲೇ ಕುಳಿತು ಅತ್ತ. "ಕಾರ್ಯ ಆಗಲಿಲ್ಲಲ್ಲಪಾ. ಆಯೇರಿ ಹೆಂಗ ಇಟ್ಟುಕೊಳ್ಳಲಿ?" ಎಂದು ಅವನ ತಲೆ ಸವರಿದರು. ಇನ್ನೊಮ್ಮೆ ಅರ್ಜಿ ಹಾಕೋಣ, ಈ ಸಲ ಎಲ್ಲ ಸರಿಯಾಗಿ ಮಾಡುತ್ತೇನೆ ಎಂದು ನಾನು ಕಾಲು ಹಿಡಿದೆ. ಒಪ್ಪಲಿಲ್ಲ. ಮುಂದಿನ ಜೂನ್ ಬರುವಷ್ಟರಲ್ಲಿ ಎದುರು ನಿಂತವರ ಮುಖವೂ ಅವರಿಗೆ ಕಾಣದಾಯಿತು.

ಮರುವರ್ಷ ನಾನೇ ಹೋದೆ. ಅವರ ಪರವಾಗಿ ನೋಡಿ ಬರುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಹಟವೂ ಇತ್ತು. ಈಗ ಮುಚ್ಚಿಡುವುದು ಏತಕ್ಕೆ, ನನ್ನ ಖಾತೆಯಲ್ಲಿದ್ದ ಹಣದಲ್ಲಿ ಮುಕ್ಕಾಲು ಪಾಲು ಹೆಂಡತಿಯ ತಮ್ಮನದು. ಆರು ತಿಂಗಳು ಮುಂಚೆ ಹಾಕಿಸಿಕೊಂಡು, ಸೊನ್ನೆಗಳನ್ನು ನೆಟ್ಟಗೆ ನಿಲ್ಲಿಸಿ, ಪ್ರವಾಸ ಮುಗಿಸಿ ಬಂದ ಮೇಲೆ ತಿರುಗಿ ಕೊಟ್ಟೆ. ಯಾರೂ ಫೋನ್ ಮಾಡಲಿಲ್ಲ. ಯಾರೂ ಏನೂ ಕೇಳಲಿಲ್ಲ. ಅಕ್ಕೋರ ಖಾತೆಯಲ್ಲಿದ್ದದ್ದು ನಿಜವಾಗಿ ಅವರಿಗೇ ಕೊಟ್ಟ ಹಣ, ಅದಕ್ಕೆ ಬೆಲೆ ಸಿಗಲಿಲ್ಲ. ನನ್ನದು ಹಸಿ ಸುಳ್ಳು, ಅದಕ್ಕೆ ಎಂಟೇ ದಿನದಲ್ಲಿ ವೀಸಾ ಬಂತು.

ಆ ಮಳೆಗಾಲ ಮುಗಿಯುವುದರೊಳಗೆ ಅಕ್ಕೋರು ತೀರಿಕೊಂಡರು. ಅದಕ್ಕೂ ಮುಂಚೆ, ಪ್ರವಾಸದಿಂದ ಬಂದ ವಾರದಲ್ಲೇ, ಅವರನ್ನು ನೋಡಲು ಹೋಗಿದ್ದೆ. ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ನಾನು ಕಂಡದ್ದನ್ನೆಲ್ಲ ಹೇಳತೊಡಗಿದೆ. ಕಡಲು ಹೀಗಿತ್ತು, ಬೆಳಕು ತಾಮ್ರದ ಬಣ್ಣಕ್ಕಿತ್ತು, ಗಡಿಯಾರ ಹನ್ನೆರಡು ತೋರಿಸುವಾಗ ಸೂರ್ಯ ನೀರಿನ ಮೇಲೇ ಇದ್ದ, ಜನ ಚಪ್ಪಾಳೆ ತಟ್ಟಿದರು. ಅವರು ಕಣ್ಣು ಮುಚ್ಚಿ ಒಂದೂ ಮಾತು ಬಿಡದೆ ಕೇಳಿದರು. ಮುಗಿದ ಮೇಲೆ ಕೇಳಿದರು:

"ಕೆಳಗ ಇಳದು ಬಂದವ ಮುಳಗೂದಿಲ್ಲ ಅಂದ್ರ ಬಾಜೂಕ ಸರೀಬೇಕಲ್ಲೋ. ಯಾವ ಕಡೆ ಸರದ? ಎಡಕ್ಕೋ, ಬಲಕ್ಕೋ?"

ನಾನು ಫೋನ್ ತೆಗೆದೆ. ಇನ್ನೂರಕ್ಕೂ ಹೆಚ್ಚು ಫೋಟೊ ಇದ್ದವು. ಎಲ್ಲದರಲ್ಲೂ ಮುಂದೆ ನನ್ನ ಮುಖ, ಹೆಂಡತಿಯ ಮುಖ, ಹಿಂದೆ ಎಲ್ಲೋ ಸೂರ್ಯ. ಅವನ ಕಡೆ ಬೆನ್ನು ಮಾಡಿಯೇ ನಾವು ಅಷ್ಟೂ ಹೊತ್ತು ನಿಂತಿದ್ದೆವು.

"ಗೊತ್ತಿಲ್ರಿ, ಅಕ್ಕೋರ" ಎಂದೆ.

ಅವರು ಒರಗಿದ್ದ ಗೋಡೆ ಬಿಟ್ಟು ಎದ್ದು ಕುಳಿತರು. ಆಮೇಲೆ ಬಲಗೈಯನ್ನು ನೆಟ್ಟಗೆ ಚಾಚಿ, ಗಾಳಿಯಲ್ಲಿ ನಿಧಾನವಾಗಿ ಎಡದಿಂದ ಬಲಕ್ಕೆ ಸರಿಸಿದರು.

"ಗ್ಲೋಬಿಗೆ ಬ್ಯಾಟರಿ ಹಿಡದು ಲೆಕ್ಕಾ ಹಾಕೀನಿ. ಬಲಕ್ಕ ಸರೀಬೇಕು. ಪುಸ್ತಕದಾಗ ಎಲ್ಲೂ ಬರದಿಲ್ಲ. ಖರೇ ಹೌದೋ ಅಲ್ಲೋ, ಅಷ್ಟ ನೋಡಾಕ ಹೊಂಟಿದ್ದೆ ನಾ."