ಲೆಕ್ಕದ ಮೇಷ್ಟ್ರು ಕಲಿಸಿದ ಇನ್ನರ್ಧ

ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಹೊಸದಾಗಿ ಎದ್ದ ಕಂಬಗಳಿಗೆ ಗೋಣಿತಟ್ಟು ಸುತ್ತಿ ಬೆಳಿಗ್ಗೆ, ಸಂಜೆ ನೀರು ಹಾಕುತ್ತಾರೆ. ಮೊನ್ನೆ ಕಿಟಕಿ ತೆರೆದಾಗ ಬಿಸಿಗಾಳಿಯ ಜೊತೆ ತೊಯ್ದ ಗೋಣಿಯ ವಾಸನೆ ಒಳಗೆ ಬಂತು. ಸಣಬು, ಮಣ್ಣು, ಒಂಚೂರು ಮುಗ್ಗಲು... ಕೈಯಲ್ಲಿದ್ದ ಲೋಟ ಕೆಳಗಿಟ್ಟು ಅಲ್ಲೇ ಕೂತುಬಿಟ್ಟೆ. ನಮ್ಮ ಲೆಕ್ಕದ ಮೇಷ್ಟ್ರ ಕೋಣೆಗೆ ಇದೇ ವಾಸನೆಯಿತ್ತು.

ಅದು ಐವತ್ತಮೂರನೆಯ ಇಸವಿಯ ಬೇಸಿಗೆ. ನಾವಾಗ ಸಿರುಗುಪ್ಪದಲ್ಲಿದ್ದೆವು, ನನಗೆ ಹನ್ನೆರಡು ವರ್ಷ. ರಜೆ ಬಿಟ್ಟ ದಿನವೇ ಉಳಿದ ಮೇಷ್ಟ್ರೆಲ್ಲ ತಂತಮ್ಮ ಊರಿಗೆ ಹೋದರು. ಲೆಕ್ಕದ ಮೇಷ್ಟ್ರು ಮಾತ್ರ ಹೋಗಲಿಲ್ಲ. ಅವರದು ಆದೋನಿಯ ಹತ್ತಿರದ ಒಂದು ಹಳ್ಳಿ, ಮನೆಮಾತು ತೆಲುಗು. ಹೆಂಡತಿ ತೀರಿಹೋಗಿ ಬಹಳ ವರ್ಷವಾಯಿತಂತೆ ಎಂದು ಅವ್ವ ಹೇಳುತ್ತಿದ್ದಳು. ಶಾಲೆಯ ಹಿಂದಿನ ಒಂಟಿ ಕೋಣೆಯಲ್ಲಿ ತಾವೇ ಅಡುಗೆ ಮಾಡಿಕೊಂಡು, ತಾವೇ ಬಟ್ಟೆ ಒಗೆದುಕೊಂಡು ಇರುತ್ತಿದ್ದರು. ಸಂಜೆ ಹೊಳೆಯ ಕಡೆ ತಿರುಗಾಡಲು ಹೋದರೂ ಒಬ್ಬರೇ.

ಜೂನ್ ತಿಂಗಳಲ್ಲಿ ಬಳ್ಳಾರಿಯಲ್ಲಿ ಸುತ್ತಲಿನ ಶಾಲೆಗಳ ಮಕ್ಕಳಿಗೆ ಲೆಕ್ಕದ ಪಂದ್ಯ, ಚರ್ಚಾಸ್ಪರ್ಧೆ ಎರಡೂ ಇದ್ದವು. "ರಜದಾಗ ಬರೋರು ಬರ್ರಿ. ನಾನಂತೂ ಇಲ್ಲೇ ಇರ್ತೀನಿ" ಎಂದಿದ್ದರು ಮೇಷ್ಟ್ರು. ಏಳು ಮಂದಿ ಹೋದೆವು, ಹುಡುಗಿ ನಾನೊಬ್ಬಳೇ. ಬಿಸಿಲು ಏರುವ ಮುಂಚೆ ಶುರುವಾಗಿ ಹತ್ತು ಗಂಟೆಗೆ ಪಾಠ ಮುಗಿಯುತ್ತಿತ್ತು. ನಾವು ಬರುವಷ್ಟರಲ್ಲಿ ಬಾಗಿಲಿಗೆ ಗೋಣಿತಟ್ಟು ಕಟ್ಟಿ, ಕೊಡದಿಂದ ನೀರು ಎರಚಿ, ಚಾಪೆ ಹಾಸಿರುತ್ತಿದ್ದರು.

ಪುಸ್ತಕದ ಲೆಕ್ಕ ಅವರು ಮಾಡಿಸಲಿಲ್ಲ. "ಹೊಳೀ ದಂಡಿಮ್ಯಾಲ ಇಬ್ಬರು ದೊಡ್ಡೋರು, ಇಬ್ಬರು ಹುಡುಗರು. ಹರಿಗೋಲಿನ್ಯಾಗ ಒಬ್ಬ ದೊಡ್ಡೋನು, ಇಲ್ಲಾ ಇಬ್ಬರು ಹುಡುಗರು ಅಷ್ಟೇ ಹಿಡೀತಾರ. ಎಲ್ಲಾರೂ ಆಚೀ ದಂಡಿಗೆ ಹೋಗಾಕ ಹರಿಗೋಲು ಎಷ್ಟು ಸಲ ಹೊಳಿ ದಾಟಬೇಕು?" ನಾನು ಕೂಡಲೇ "ಒಂಬತ್ತು ಸಲ ಸಾರ್" ಎಂದೆ. ಅವರು ತಲೆಯಾಡಿಸಿ, "ಉತ್ತರ ಇರ್ಲಿ ಅಮ್ಮಾ, ದಾರಿ ಹೇಳು" ಎಂದರು. ಹುಣಸೆಬೀಜ ಇಟ್ಟು ಒಂದೊಂದೇ ದಾಟಿಸಿ ತೋರಿಸಿದೆ. ಅವತ್ತು ಅವರು ನಕ್ಕರು. ಮೇಷ್ಟ್ರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಚರ್ಚೆಗೆ ಅವರದು ಒಂದೇ ನಿಯಮ. ಎದುರಿನವನ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಬೇಕು. ಹೌದು, ಇದೇ ನನ್ನ ಮಾತು ಎಂದು ಅವನು ಒಪ್ಪಿದ ಮೇಲೆಯೇ ಅದನ್ನು ಕೆಡವಲು ಹೋಗಬೇಕು. ಅದಕ್ಕಾಗಿ ಒಂದು ದಿನ ಒಂದು ಕಡೆ, ಮಾರನೆಯ ದಿನ ಅದಲುಬದಲು.

ಆಗ ಯಾರ ಬಾಯಲ್ಲಿ ಕೇಳಿದರೂ ಬಳ್ಳಾರಿಯದೇ ಮಾತು. ಮದ್ರಾಸಿನಿಂದ ಬೇರೆಯಾಗುವ ಬಳ್ಳಾರಿ ಆಂಧ್ರಕ್ಕೋ ಮೈಸೂರಿಗೋ? ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆ ಪಂಕ್ತಿಯಲ್ಲಿ ಅದೇ ಜಗಳ. ಹುಡುಗರು ಇದನ್ನೇ ಚರ್ಚೆಗೆ ಇಡಬೇಕೆಂದು ಹಟ ಹಿಡಿದರು. ಮೇಷ್ಟ್ರು ಎದ್ದು ಹಲಗೆ ಒರೆಸಿದರು. "ಬ್ಯಾಡ ಅನ್ನಬೇಕು ನಾನು... ಆದರ ಇದನ್ನ ಸಮಾಧಾನದಿಂದ ಮಾತಾಡಾಕ ನೀವಾರ ಕಲೀರಿ" ಎಂದು ಚೀಟಿ ಎತ್ತಿಸಿದರು. ನನಗೆ ಬಂದದ್ದು ಆಂಧ್ರದ ಪಕ್ಷ.

ಮನಸ್ಸಿಟ್ಟೇ ಕಲಿತೆ. ರೈಲು ಗುಂತಕಲ್ಲಿಗೆ ಹೋಗುತ್ತದೆ, ಪೇಟೆಯಲ್ಲಿ ತೆಲುಗು ಕೇಳುತ್ತದೆ, ಹತ್ತಿ ಆದೋನಿಯ ಕಡೆ ಸಾಗುತ್ತದೆ ಎಂದು ಹಿತ್ತಲಲ್ಲಿ ನಿಂತು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಕುರುಗೋಡಿನಿಂದ ದೊಡ್ಡಪ್ಪ ಬಂದಿದ್ದರು. ಕನ್ನಡ ನಾಡು ಒಂದಾಗಬೇಕೆಂದು ಮೆರವಣಿಗೆಯಲ್ಲಿ ನಡೆದು ಲಾಠಿಯೇಟು ತಿಂದ ಮನುಷ್ಯ. ನನ್ನ ಮಾತು ಕೇಳಿ ಅವರ ಮುಖ ಕಪ್ಪಿಟ್ಟಿತು.

ಸಂಜೆ ನಮ್ಮ ಜಗಲಿಯ ಮೇಲೆ ನಾಲ್ಕೈದು ಹಿರಿಯರು ಸೇರಿದರು. ಅಪ್ಪ ನನ್ನನ್ನು ಕರೆದರು. ದೊಡ್ಡಪ್ಪ ಕೇಳಿದರು: "ಬಳ್ಳಾರಿ ಆಂಧ್ರಕ್ಕ ಹೋಗಬೇಕಂತ ನಿಮ್ಮ ಮೇಷ್ಟ್ರು ಹೇಳಿಕೊಟ್ರೇನು?"

"ಹೂಂ" ಎಂದೆ.

ಅಷ್ಟೇ. ನನ್ನೆದುರು ಮಾತಾಡಬೇಕಿದ್ದ ಹುಡುಗನಿಗೆ ಮೈಸೂರಿನ ಪಕ್ಷವನ್ನು ಅವರೇ ಅಷ್ಟೇ ಶ್ರದ್ಧೆಯಿಂದ ಹೇಳಿಕೊಟ್ಟಿದ್ದರು. ಮರುದಿನ ನಾವು ಅದಲುಬದಲು ಆಗುವವರಿದ್ದೆವು. ಅದನ್ನು ನಾನು ಹೇಳಲಿಲ್ಲ. ಅಪ್ಪನ ಕಣ್ಣು ನೋಡಿ ಹೆದರಿದ್ದೆ. ಹನ್ನೆರಡು ವರ್ಷದವಳಿಗೆ ಅಷ್ಟು ತಿಳಿಯುತ್ತದೆಯೇ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ತಿಳಿದಿತ್ತು.

"ನೋಡ್ರಿ ಮತ್ತ, ಕೂಸೇ ಹೇಳಾಕತ್ತೈತಿ" ಎಂದರು ಒಬ್ಬರು. ಮರುದಿನದಿಂದ ಯಾವ ಮನೆಯವರೂ ಮಕ್ಕಳನ್ನು ಕಳಿಸಲಿಲ್ಲ. ಯಾರೂ ಅವರ ಮೇಲೆ ಕೈ ಮಾಡಲಿಲ್ಲ, ಬೈಯಲೂ ಇಲ್ಲ. ಎದುರಿಗೆ ಬಂದರೆ ಮಾತಾಡಿಸುವುದನ್ನು ಮಾತ್ರ ಬಿಟ್ಟರು.

ಮೂರು ದಿನ ಕಳೆದ ಮೇಲೆ, ಗಿರಣಿಗೆ ಹೊರಟವಳು ದಾರಿ ತಪ್ಪಿಸಿ ಶಾಲೆಯ ಹಿಂದೆ ಹೋದೆ. ಗೋಣಿಗೆ ನೀರು ಎರಚಿತ್ತು. ಚಾಪೆ ಹಾಸಿತ್ತು. ಹಲಗೆಯ ಮೇಲೆ ಒಂದು ಹೊಸ ಲೆಕ್ಕ ಬರೆದಿಟ್ಟು, ಖಾಲಿ ಚಾಪೆಯ ಎದುರು ಮೇಷ್ಟ್ರು ಕೂತಿದ್ದರು. ನನ್ನನ್ನು ಕಂಡು ದಿಗ್ಗನೆ ಎದ್ದರು.

"ಮನ್ಯಾಗ ಹೇಳಿ ಬಂದಿ ಏನಮ್ಮಾ?"

ಇಲ್ಲವೆಂದು ತಲೆಯಾಡಿಸಿದೆ.

"ಹಂಗಾರ ಒಳಗ ಬರಬ್ಯಾಡ. ನಿನಗ ಬೈತಾರ." ಆಮೇಲೆ ಮೆಲ್ಲಗೆ ಕೇಳಿದರು. "ಮರುದಿನ ಅದಲುಬದಲು ಮಾಡೋದಿತ್ತಲ್ಲಾ... ಅದನ್ನ ಹೇಳಿದಿ ಏನು?"

ನಾನು ನೆಲ ನೋಡಿದೆ. ಅವರು "ಸರೇ ಅಮ್ಮಾ, ಬಿಸಲಾತು, ಹೋಗು" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಜೂನ್‌ನಲ್ಲಿ ಬೇರೆ ಮೇಷ್ಟ್ರು ನಮ್ಮನ್ನು ಬಳ್ಳಾರಿಗೆ ಕರೆದುಕೊಂಡು ಹೋದರು. ಕಂಟೋನ್ಮೆಂಟಿನ ಎತ್ತರ ಚಾವಣಿಯ ಸಭಾಂಗಣದಲ್ಲಿ ಚರ್ಚೆ. ನಮಗೆ ಕೊಟ್ಟ ವಿಷಯ ಹೆಣ್ಣುಮಕ್ಕಳಿಗೆ ಹೈಸ್ಕೂಲು ಬೇಕೋ ಬೇಡವೋ ಎಂಬುದು. ಬೇಡ ಎನ್ನುವವರ ಮಾತನ್ನು ಮೊದಲು ಅವರಿಗಿಂತ ಚೆನ್ನಾಗಿ ಹೇಳಿದೆ, ಆಮೇಲೆ ಒಂದೊಂದಾಗಿ ಬಿಚ್ಚಿದೆ. ಮೊದಲ ಬಹುಮಾನ ಬಂತು. ತೀರ್ಪು ಕೊಟ್ಟ ಹಿರಿಯರು ಬೆನ್ನು ತಟ್ಟಿ, "ಯಾರಮ್ಮ ನಿನಗೆ ಹೀಗೆ ಮಾತಾಡೋಕೆ ಕಲಿಸಿದ್ದು?" ಎಂದರು. ಜೊತೆಗೆ ಬಂದ ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು.

"ಮನ್ಯಾಗ ಕಲಿತೆ ಸಾರ್" ಎಂದೆ.

ವಾಪಸು ಬರುವ ಬಸ್ಸಿನಲ್ಲಿ, ಮೋಕ ಎಂಬ ಊರು ದಾಟುವಷ್ಟರಲ್ಲಿ ಅಳು ಬಂತು. ಗೆದ್ದ ಖುಷಿಗೆ ಎಂದುಕೊಂಡರು. ಊರು ಮುಟ್ಟಿದ ಕೂಡಲೇ ಓಡಿದೆ. ಕೋಣೆಗೆ ಬೀಗ ಬಿದ್ದಿತ್ತು. ತಾವೇ ಕೇಳಿಕೊಂಡು ಆದೋನಿಯ ಕಡೆ ವರ್ಗ ಮಾಡಿಸಿಕೊಂಡು, ಹಿಂದಿನ ದಿನ ಗಾಡಿ ಹತ್ತಿದ್ದರಂತೆ. ಬೀಳ್ಕೊಡಲು ಯಾರೂ ಹೋಗಿರಲಿಲ್ಲ. ಆ ಮಳೆಗಾಲ ಮುಗಿಯುವಷ್ಟರಲ್ಲಿ ಗಡಿ ಬಿತ್ತು. ಬಳ್ಳಾರಿ ಮೈಸೂರಿಗೆ ಬಂತು. ಆದೋನಿ ಆಚೆ ಉಳಿಯಿತು. ನಮ್ಮ ಬೀದಿಯಲ್ಲಿ ಸಕ್ಕರೆ ಹಂಚಿದರು. ನಾನೂ ಬಾಯಿಗೆ ಹಾಕಿಕೊಂಡೆ.

ಓದಿ ನಾನೂ ಲೆಕ್ಕದ ಟೀಚರಾದೆ. ಮೊದಲ ನೌಕರಿ ಕುರುಗೋಡಿನಲ್ಲೇ. ಅಲ್ಲಿದ್ದಾಗ ಒಂದು ದಿನ ಧೈರ್ಯ ಮಾಡಿ ಅವರಿಗೊಂದು ಪತ್ರ ಬರೆದೆ. ಅವತ್ತು ಜಗಲಿಯಲ್ಲಿ ನಾನು ಅರ್ಧವನ್ನೇ ಹೇಳಿದೆ ಸಾರ್, ಬಳ್ಳಾರಿಯಲ್ಲಿ ನಿಮ್ಮ ಹೆಸರನ್ನೂ ಹೇಳಲಿಲ್ಲ ಎಂದು. ಅವರಿದ್ದ ಶಾಲೆಯನ್ನು ಯಾರಿಂದಲೋ ವಿಚಾರಿಸಿ ವಿಳಾಸ ಹಾಕಿದ್ದೆ. ತಿಂಗಳಾದ ಮೇಲೆ ಲಕೋಟೆ ಒಡೆಯದೆ ಹಿಂದಕ್ಕೆ ಬಂತು. ಮೇಲೆ ಯಾರೋ ತೆಲುಗಿನಲ್ಲಿ ಬರೆದಿದ್ದರು... ತೀರಿಕೊಂಡಿದ್ದಾರೆ, ಪತ್ರ ತೆಗೆದುಕೊಳ್ಳುವವರು ಯಾರೂ ಇಲ್ಲ.

ನನಗೀಗ ಎಂಬತ್ತು ದಾಟಿದೆ. ಅಪ್ಪನಿಲ್ಲ, ದೊಡ್ಡಪ್ಪನಿಲ್ಲ. ಅವತ್ತು ಜಗಲಿಯ ಮೇಲೆ ಕೂತವರು ಒಬ್ಬರೂ ಇಲ್ಲ. ಆ ಏಳು ಮಕ್ಕಳಲ್ಲಿ ಉಳಿದವಳು, ನನಗೆ ತಿಳಿದ ಮಟ್ಟಿಗೆ, ನಾನೊಬ್ಬಳೇ. ಅಂದು ಹೇಳದೆ ಉಳಿದ ಮಾತು ಈಗ ಸಲೀಸಾಗಿ ಬರುತ್ತದೆ. ಮೇಷ್ಟ್ರು ಎರಡೂ ಕಡೆ ಹೇಳಿಕೊಟ್ಟಿದ್ದರು, ದೊಡ್ಡಪ್ಪಾ, ಎರಡೂ ಕಡೆ. ಒಂದೊಂದು ಮಧ್ಯಾಹ್ನ ಗಟ್ಟಿಯಾಗಿಯೇ ಹೇಳುತ್ತೇನೆ. ಮನೆಯಲ್ಲಿ ಯಾರೂ ಇರುವುದಿಲ್ಲ.