ಬಾಯಾರಿದ ಹಿಟ್ಟನ್ನು ಉಬ್ಬಿಸಿದ ಬ್ರೆಡ್ ಅಕ್ಕ

ಇನ್ನೂ ಬೆಳಕು ಹರಿದಿಲ್ಲ. ಗೋಧಿ ಸಂಶೋಧನಾ ಕೇಂದ್ರದ ಹಿಂಬದಿಯ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ರವಿಕೆಯ ತೋಳು ಮೇಲಕ್ಕೆ ಮಡಚಿಕೊಂಡ ಹೆಂಗಸೊಬ್ಬರು ಹಿಟ್ಟು ನಾದುತ್ತಿದ್ದಾರೆ. ಮೇಜಿನುದ್ದಕ್ಕೂ ಪುಟ್ಟ ಪುಟ್ಟ ತಗಡಿನ ಅಚ್ಚುಗಳು. ಒಂದೊಂದಕ್ಕೂ ಒಂದೊಂದು ತಳಿಯ ಹಿಟ್ಟು. ಇಲ್ಲಿ ಎಲ್ಲರ ಬಾಯಲ್ಲೂ ಅವರು ಬ್ರೆಡ್ ಅಕ್ಕ.

ಹೊಸ ತಳಿ ಎಷ್ಟೇ ಪರೀಕ್ಷೆ ಗೆದ್ದರೂ ಕೊನೆಗೆ ಬರುವುದು ಇವರ ಒಲೆಗೆ. ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಬ್ರೆಡ್ಡು ಬೇಯಿಸಿ, ಕೊಯ್ದು, ಮೂಸಿ, ರುಚಿ ನೋಡಿ ತೀರ್ಪು ಹೇಳುತ್ತಾರೆ. ಮೊದಲು ಗಂಡನ ಜೊತೆ ಬೇಕರಿ ನಡೆಸುತ್ತಿದ್ದರು. ಎದುರಿಗೇ ದೊಡ್ಡ ಅಂಗಡಿ ತಲೆಯೆತ್ತಿದ ಮೇಲೆ ಬಾಗಿಲು ಹಾಕಬೇಕಾಯಿತು. "ಒಲೆ ಆರಿತು, ಕೈ ಆರಲಿಲ್ಲ," ಎಂದು ನಗುತ್ತಾರೆ.

ಹೊಟ್ಟೆಗೆ ಒಳ್ಳೆಯದಾದ ಗೋಧಿಯ ನಾರು ಹೆಚ್ಚಾಗಿ ಇರುವುದು ತೌಡಿನಲ್ಲಿ. ಬಿಳಿ ಹಿಟ್ಟು ಮಾಡುವಾಗ ಅದು ಜರಡಿಯ ಪಾಲು. ಆದರೆ ಹಳೆಯ ತಳಿಯೊಂದರ ಬಿಳಿ ಹಿಟ್ಟಿನಲ್ಲೇ ನಾರು ದಂಡಿಯಾಗಿತ್ತು. ತಳಿ ವಿಜ್ಞಾನಿ ಮೇಡಂ ಅದನ್ನು ಒಳ್ಳೆಯ ಇಳುವರಿಯ ಗೋಧಿಯೊಂದಿಗೆ ಸಂಕರಿಸಿ, ಪೀಳಿಗೆ ಪೀಳಿಗೆಯಲ್ಲೂ ನಾರಿನ ವಂಶವಾಹಿ ಉಳಿದ ಸಸಿಗಳನ್ನೇ ಆರಿಸಿದರು. "ಅಪ್ಪನ ಎತ್ತರ, ಅಮ್ಮನ ಕಣ್ಣು ಎರಡೂ ಒಂದೇ ಮಗುವಿಗೆ ಬರಬೇಕಲ್ಲ, ಹಾಗೆ," ಎಂದು ಅಕ್ಕ ಬಿಡಿಸಿ ಹೇಳುತ್ತಾರೆ.

ಆ ಹೊಸ ತಳಿಯ ಬ್ರೆಡ್ಡು ಮಾತ್ರ ಇಟ್ಟಿಗೆಯಾಯಿತು. ತಳಿಯನ್ನು ರೈತರಿಗೆ ಕೊಡುವುದೋ ಬೇಡವೋ ಎಂದು ತೀರ್ಮಾನಿಸುವ ಮುಂದಿನ ಸಭೆಯೊಳಗೆ ಸರಿಹೋಗದಿದ್ದರೆ ಮೇಡಂ ಅವರ ಹತ್ತು ವರ್ಷದ ದುಡಿಮೆ ಮೂಲೆಗೆ.

"ನಾರು ನೀರು ಹೀರುತ್ತೆ ಅಕ್ಕ. ನೀರು ಹೆಚ್ಚಿಸಬೇಕು," ಎಂದರು ಮೇಡಂ.

"ಪಾಪ, ಈ ಹಿಟ್ಟಿಗೆ ಬಾಯಾರಿಕೆ. ಒಂದೇ ಸಲ ಸುರಿದ್ರೆ ಅಂಟಾಗುತ್ತೆ. ಸ್ವಲ್ಪ ಸ್ವಲ್ಪ ಕುಡಿಸಿ, ನಡುನಡುವೆ ಮಲಗಿಸಿ ನೋಡೋಣ."

ವಾರಗಟ್ಟಲೆ ಇಬ್ಬರೂ ಪಟ್ಟು ಬಿಡಲಿಲ್ಲ. ಒಂದು ದಿನ ಬ್ರೆಡ್ಡು ಕುಸಿಯಿತು, ಇನ್ನೊಂದು ದಿನ ಒಳಗೆಲ್ಲ ಹಸಿ. ಕಡೆಗೊಂದು ಬೆಳಗ್ಗೆ ಅಚ್ಚು ಮೀರಿ, ಹೊಂಬಣ್ಣಕ್ಕೆ ತಿರುಗಿ ಎದ್ದು ನಿಂತಿತು. ಮೇಡಂ ಖುಷಿಯಲ್ಲಿ ಬಿಸಿ ಬ್ರೆಡ್ಡನ್ನೇ ಎತ್ತಿಕೊಂಡು ಕೈ ಸುಟ್ಟುಕೊಂಡರು.

ನಾರು ಎಂದರೆ ಮೂಗು ಮುರಿಯುವ ಗಂಡನಿಗೆ ಅಕ್ಕ ಏನೂ ಹೇಳದೆ ಅದನ್ನೇ ಕೊಟ್ಟರು. ಮೂರು ಸ್ಲೈಸ್ ಮುಗಿಸಿದವರು, "ನಮ್ಮ ಬೇಕರಿಯಲ್ಲಿ ಇಂಥದ್ದು ಯಾಕೆ ಮಾಡಲಿಲ್ಲ ನೀನು?" ಎಂದರಂತೆ.

ಸಭೆಯೂ ಒಂದೇ ಮಾತಿಗೆ ಒಪ್ಪಿತು. ಈ ಹಂಗಾಮಿಗೆ ಆ ಗೋಧಿ ರೈತರ ಹೊಲಗಳಲ್ಲಿ ತೆನೆ ತೂಗುತ್ತಿದೆ.

"ಮುಂದಿನ ತಳಿಗೆ ಇನ್ನೂ ಜಾಸ್ತಿ ನಾರು ತುಂಬ್ತಾರಂತೆ," ಎನ್ನುತ್ತ ಅಕ್ಕ ಕೈಯ ಹಿಟ್ಟು ಕೊಡವುತ್ತಾರೆ. "ತುಂಬಲಿ ಬಿಡಿ. ಉಬ್ಬಿಸೋಕೆ ನಾನಿದ್ದೀನಿ."